ಆಯಾಸ ಅಂದರೆ ಯಾವ ಆಯಾಸ?

ಚಿಂತಾಮಣಿ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. ಮನೆಯೊಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ, ಸಂತೆಗೆ ಹೋದರೆ ಎರಡನ್ನೂ ಕಲಸಿದ ಮೂರನೆಯದೊಂದು ಮಾತು. ಎರಡು ವರ್ಷದ ಹಿಂದೆ, ಮಗ ಫೋನಿಗೆ ಹಾಕಿಕೊಟ್ಟಿದ್ದ ಆ್ಯಪಿನಲ್ಲಿ ಅವರಿಗೊಬ್ಬ ಡಾಕ್ಟರು ಸಿಕ್ಕರು. ಕರಾವಳಿಯ ಸ್ವಚ್ಛ ಕನ್ನಡ, ತಾಳ್ಮೆಯ ದನಿ. ದೊಡ್ಡಮ್ಮ ಹೇಳಿದ್ದು ಒಂದೇ ಮಾತು: “ಆಯಾಸ ಸಾ. ನಾಲ್ಕು ಹೆಜ್ಜೆ ಹಾಕಿದ್ರೆ ಆಯಾಸ.” ಡಾಕ್ಟರು ಕೇಳಬೇಕಾದ್ದನ್ನೆಲ್ಲ ಕೇಳಿದರು. ಊಟ ಸೇರುತ್ತದೆಯೆ, ನಿದ್ದೆ ಬರುತ್ತದೆಯೆ, ಸಕ್ಕರೆ ಕಾಯಿಲೆ ಇದೆಯೆ. ಕೊನೆಗೆ ಕಬ್ಬಿಣಾಂಶದ ಮಾತ್ರೆ ಬರೆದು, ರಕ್ತ ಪರೀಕ್ಷೆ ಮಾಡಿಸಿ, ಒಂದು ವಾರ ಹೊಲದ ಕಡೆ ಹೋಗಬೇಡಿ ಅಮ್ಮ, ಅಂದರು.

ತೆಲುಗಿನವರ ಬಾಯಲ್ಲಿ ಆಯಾಸಂ ಅಂದರೆ ದಣಿವಲ್ಲ, ಏದುಸಿರು. ಕನ್ನಡದ ಆಯಾಸಕ್ಕೂ ಅದಕ್ಕೂ ಅಕ್ಷರ ಒಂದೇ, ರೋಗ ಬೇರೆ.

ಮೂರನೇ ದಿನ ಊರಿನ ಆರೋಗ್ಯ ಕೇಂದ್ರದ ಸಿಸ್ಟರ್ ಇನ್ಯಾರದೋ ಮನೆಗೆ ಬಂದವರು ಇವರ ಜಗಲಿಯಲ್ಲಿ ನೀರು ಕುಡಿಯಲು ಕೂತರು. ದೊಡ್ಡಮ್ಮನ ಪಾದ ನೋಡಿ ಹೆಬ್ಬೆಟ್ಟಿನಿಂದ ಒತ್ತಿದರು. ಗುಳಿ ಬಿತ್ತು, ಬಿದ್ದದ್ದು ಹಾಗೇ ನಿಂತಿತು. “ಅಮ್ಮಾ, ರಾತ್ರಿ ಮಲಗಿದ್ರೆ ಉಸಿರು ಕಟ್ಟುತ್ತಾ? ಎದ್ದು ಕೂತ್ಕೊಂತೀಯಾ?” ಅಂತ ತೆಲುಗಿನಲ್ಲೇ ಕೇಳಿದರು. ದೊಡ್ಡಮ್ಮ ಹೂಂ ಅಂದರು. ಅದೇ ದಿನ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಎಕೊ ಪರೀಕ್ಷೆ. ಹೃದಯ ರಕ್ತವನ್ನು ತಳ್ಳುವ ಬಲ ಕಳೆದುಕೊಂಡಿತ್ತು.

ಆ ಡಾಕ್ಟರನ್ನು ನಾನು ದೂರಲಾರೆ. ಅವರ ಕನ್ನಡದಲ್ಲಿ ಆಯಾಸಕ್ಕೆ ಇರುವುದು ಒಂದೇ ಅರ್ಥ. ಫೋನಿನ ಪರದೆಯಲ್ಲಿ ಕಂಡದ್ದು ದೊಡ್ಡಮ್ಮನ ಮುಖ ಮಾತ್ರ, ಪಾದ ಅಲ್ಲ. ದಾಟಿದ್ದು ದೇಶದ ಗಡಿಯೂ ಅಲ್ಲ, ರಾಜ್ಯದ ಗಡಿಯೂ ಅಲ್ಲ. ಆದರೂ ನಡುವೆ ಒಂದು ಗಡಿ ಇತ್ತು. ದೂರದ ವೈದ್ಯ, ಡಿಜಿಟಲ್ ಆರೋಗ್ಯ, ಗಡಿಯಿಲ್ಲದ ಚಿಕಿತ್ಸೆ ಎಂಬ ಮಾತುಗಳನ್ನು ಕೇಳಿದಾಗಲೆಲ್ಲ ನನಗೆ ಆ ಪಾದದ ಗುಳಿ ನೆನಪಾಗುತ್ತದೆ.

ಹೊರದೇಶದ ವೈದ್ಯರು ನಮ್ಮ ಜಿಲ್ಲಾಕೇಂದ್ರ ಚಿಕ್ಕಬಳ್ಳಾಪುರಕ್ಕೆ ಹೊಸಬರೇನಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಲಂಡನ್ ಮಿಷನ್ನಿನವರು ಇಲ್ಲಿ ಆಸ್ಪತ್ರೆ ಕಟ್ಟಿದರು. ಈಗ ಅದನ್ನು ಸಿಎಸ್‌ಐ ಆಸ್ಪತ್ರೆ ಎನ್ನುತ್ತೇವೆ. ಆಗ ವೈದ್ಯರು ವಾರಗಟ್ಟಲೆ ಹಡಗಿನಲ್ಲಿ ಬಂದು, ಇಲ್ಲೇ ಮನೆ ಮಾಡಿ, ಇಲ್ಲಿನ ಮಾತು ಕಲಿತು, ಆಮೇಲೆ ನಾಡಿ ಹಿಡಿಯುತ್ತಿದ್ದರು. ಗಡಿ ದಾಟುತ್ತಿದ್ದದ್ದು ಮನುಷ್ಯ. ಈಗ ಗಡಿ ದಾಟುವುದು ಎಕ್ಸ್‌-ರೇ, ಇಸಿಜಿ, ದನಿ, ಮುಖ. ವೈದ್ಯ ತನ್ನ ಕುರ್ಚಿಯಲ್ಲೇ ಇರುತ್ತಾನೆ.

ಇದೂ ಹಳೆಯದೇ. ಇಸಿಜಿ ಯಂತ್ರವನ್ನು ರೂಪಿಸಿದ ನೆದರ್‌ಲ್ಯಾಂಡ್ಸ್‌ನ ವಿಲೆಮ್ ಐಂತೋವನ್ 1905ರಲ್ಲೇ ಲೈಡನ್ ಊರಿನ ಆಸ್ಪತ್ರೆಯಿಂದ ತನ್ನ ಪ್ರಯೋಗಾಲಯಕ್ಕೆ, ಸುಮಾರು ಒಂದೂವರೆ ಕಿಲೊಮೀಟರ್, ಟೆಲಿಫೋನ್ ತಂತಿಯ ಮೂಲಕ ಹೃದಯದ ಬಡಿತವನ್ನು ಕಳಿಸಿಕೊಂಡಿದ್ದ. ಕಾರಣ ಸರಳ: ಯಂತ್ರ ಇನ್ನೂರೈವತ್ತು ಕೆಜಿಗೂ ಮೇಲಿತ್ತು, ಅದನ್ನು ಹೊತ್ತು ರೋಗಿಯ ಹತ್ತಿರ ಹೋಗಲು ಆಗುತ್ತಿರಲಿಲ್ಲ. ರೋಗಿಯನ್ನು ತರುವುದೂ ಕಷ್ಟ, ಯಂತ್ರವನ್ನು ಒಯ್ಯುವುದೂ ಕಷ್ಟ ಎಂದಾದಾಗ ತಂತಿ ನಡುವೆ ಬಂತು. ನೂರಿಪ್ಪತ್ತು ವರ್ಷ ಕಳೆದರೂ ದೂರವೈದ್ಯದ ಹುಟ್ಟಿಗೆ ಇದಕ್ಕಿಂತ ಬೇರೆ ಕಾರಣ ಸಿಕ್ಕಿಲ್ಲ.

ಇಲ್ಲೊಂದು ಅಡ್ಡಮಾತು ಹೇಳಬೇಕು. ನಮ್ಮ ಜಿಲ್ಲೆಯಲ್ಲಿ ದೂರದ್ದನ್ನು ಕೇಳಿಸಿಕೊಳ್ಳುವುದನ್ನೇ ಕಸುಬು ಮಾಡಿಕೊಂಡ ಊರೊಂದಿದೆ, ಗೌರಿಬಿದನೂರು. 1960ರ ದಶಕದ ನಡುವಿನಲ್ಲಿ ಟ್ರಾಂಬೆಯ ಅಣುಶಕ್ತಿ ವಿಜ್ಞಾನಿಗಳು ಬ್ರಿಟನ್ನಿನವರ ಜೊತೆ ಸೇರಿ ಇಲ್ಲಿ ಭೂಕಂಪನ ಮಾಪಕಗಳ ಸಾಲನ್ನೇ ಹೂಳಿದರು. ಜಗತ್ತಿನ ಯಾವುದೋ ಮೂಲೆಯಲ್ಲಿ ನೆಲದೊಳಗೆ ಅಣುಬಾಂಬ್ ಸಿಡಿಸಿದರೆ ಇಲ್ಲಿ ಗೊತ್ತಾಗಬೇಕು ಎಂಬುದು ಉದ್ದೇಶ. ಹತ್ತು ವರ್ಷದ ನಂತರ, 1976ರಲ್ಲಿ, ಸೂರ್ಯನ ಮತ್ತು ಆಕಾಶಗಂಗೆಯ ರೇಡಿಯೊ ತರಂಗಗಳನ್ನು ಹಿಡಿಯುವ ದೂರದರ್ಶಕವೂ ಅದೇ ತಾಲ್ಲೂಕಿಗೆ ಬಂತು. ಯಾಕೆ ಇಲ್ಲಿ? ಕಂಪನ ಹಿಡಿಯಲು ಗಟ್ಟಿ ಬಂಡೆ ಬೇಕು, ಸುತ್ತ ಗದ್ದಲ ಕಡಿಮೆ ಇರಬೇಕು. ಎಷ್ಟೇ ದೂರದ ಸದ್ದಾದರೂ ಕಿವಿ ಮಾತ್ರ ಈ ನೆಲಕ್ಕೆ ಅಂಟಿಕೊಂಡೇ ಇರಬೇಕು. ದೂರವೈದ್ಯದ ಯೋಜನೆ ಮಾಡುವವರು ಒಮ್ಮೆ ಗೌರಿಬಿದನೂರು ನೋಡಿಕೊಂಡು ಹೋದರೆ ಒಳ್ಳೆಯದು ಎಂದು ನನಗೆ ಅನಿಸುವುದುಂಟು.

ಈಗ ಬೆಂಗಳೂರಿನ ಕಡೆ ತಿರುಗೋಣ. ಚಿಕ್ಕಬಳ್ಳಾಪುರದಿಂದ ಬೆಳಿಗ್ಗೆ ಬಸ್ಸು, ರೈಲು ಹಿಡಿದು ರಾಜಧಾನಿಗೆ ದುಡಿಯಲು ಹೋಗುವವರಲ್ಲಿ ಅಮೆರಿಕದ ಆಸ್ಪತ್ರೆಗಳ ಕೆಲಸ ಮಾಡುವವರು ಇಪ್ಪತ್ತೈದು ವರ್ಷದಿಂದಲೂ ಇದ್ದಾರೆ. ಮೊದಲು ಬಂದದ್ದು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್: ಅಲ್ಲಿನ ಡಾಕ್ಟರು ಸಂಜೆ ಹೇಳಿ ಮುಗಿಸಿದ ಟಿಪ್ಪಣಿಯನ್ನು ಇಲ್ಲಿನ ಹುಡುಗ ಹುಡುಗಿಯರು ಹೆಡ್‌ಫೋನ್ ಹಾಕಿಕೊಂಡು ಕೇಳಿ ಬೆರಳಚ್ಚು ಮಾಡಿ ಅವರು ಎದ್ದೇಳುವಷ್ಟರಲ್ಲಿ ಕಳಿಸುವುದು. ಆಮೇಲೆ ಬಿಲ್ಲಿಂಗ್, ಕೋಡಿಂಗ್. ಇವೆಲ್ಲ ಗುಮಾಸ್ತಗಿರಿ. ವೈದ್ಯಕೀಯದ ತಿರುಳೇ ಗಡಿ ದಾಟಿದ್ದು ರೇಡಿಯಾಲಜಿಯಲ್ಲಿ.

ಯೇಲ್ ವಿಶ್ವವಿದ್ಯಾಲಯದಲ್ಲಿ ತರಬೇತಿ ಪಡೆದಿದ್ದ ಡಾ. ಅರ್ಜುನ್ ಕಲ್ಯಾಣಪುರ ಮತ್ತು ಮಕ್ಕಳ ಹೃದ್ರೋಗ ತಜ್ಞೆ ಡಾ. ಸುನೀತಾ ಮಹೇಶ್ವರಿ ದಂಪತಿ 2002ರಲ್ಲಿ ಬೆಂಗಳೂರಿನಲ್ಲಿ ಟೆಲಿರೇಡಿಯಾಲಜಿ ಸಲ್ಯೂಷನ್ಸ್ ಆರಂಭಿಸಿದರು. ಲೆಕ್ಕ ಸುಲಭದ್ದು. ನ್ಯೂಯಾರ್ಕಿನಲ್ಲಿ ನಡುರಾತ್ರಿ ಆದಾಗ ಇಲ್ಲಿ ಬೆಳಗಿನ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. ಅಲ್ಲಿ ಅಪಘಾತವಾದವನ ತಲೆಯ ಸಿ.ಟಿ. ಸ್ಕ್ಯಾನನ್ನು ನಿದ್ದೆಗಣ್ಣಿನ ವೈದ್ಯ ನೋಡುವುದಕ್ಕಿಂತ, ಇಲ್ಲಿ ತಿಂಡಿ ತಿಂದು ಕಾಫಿ ಕುಡಿದು ಕೂತ ವೈದ್ಯ ನೋಡುವುದು ಮೇಲು. ಸಿಂಗಪುರದ ಸರ್ಕಾರಿ ಆಸ್ಪತ್ರೆಯ ಎಕ್ಸ್‌-ರೇಗಳೂ ಬೆಂಗಳೂರಿಗೆ ಬಂದವು. ಹೃದಯದ ವಿಷಯದಲ್ಲಿ ಬೆಂಗಳೂರಿನದೇ ಟ್ರೈಕಾಗ್ ಸಂಸ್ಥೆಯವರು ಇಲ್ಲಿನ ಇಸಿಜಿಗಳ ಜೊತೆ ಆಫ್ರಿಕಾ, ಆಗ್ನೇಯ ಏಷ್ಯಾದ ದೇಶಗಳ ಇಸಿಜಿಗಳನ್ನೂ ಓದುತ್ತಾರೆ. 2009ರಲ್ಲಿ ಭಾರತ ಸರ್ಕಾರ ಶುರುಮಾಡಿದ ಪ್ಯಾನ್ ಆಫ್ರಿಕನ್ ಇ-ನೆಟ್‌ವರ್ಕ್‌ನಲ್ಲಿ ಆಫ್ರಿಕಾದ ಆಸ್ಪತ್ರೆಗಳಿಗೆ ಸಲಹೆ ಕೊಟ್ಟ ಭಾರತದ ದೊಡ್ಡ ಆಸ್ಪತ್ರೆಗಳ ಸಾಲಿನಲ್ಲಿ ನಾರಾಯಣ ಹೃದಯಾಲಯವೂ ಇತ್ತು.

ಈ ವ್ಯವಹಾರದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಕೇಬಲ್ಲಿನ ವೇಗವಲ್ಲ, ಕಾಗದದ ಕಟ್ಟುನಿಟ್ಟು. ಅಮೆರಿಕದಲ್ಲಿ ವೈದ್ಯಕೀಯ ವೃತ್ತಿ ನಡೆಯುವ ಜಾಗ ಎಂದರೆ ರೋಗಿ ಇರುವ ಜಾಗ, ವೈದ್ಯ ಕೂತಿರುವ ಜಾಗವಲ್ಲ. ಓಹಾಯೊದ ರೋಗಿಯ ಸ್ಕ್ಯಾನಿಗೆ ಸಹಿ ಹಾಕಬೇಕಾದರೆ ಓಹಾಯೊ ರಾಜ್ಯದ ಪರವಾನಗಿ ಬೇಕು, ಟೆಕ್ಸಾಸಿಗೆ ಟೆಕ್ಸಾಸಿನದ್ದು. ಹಾಗಾಗಿ ಬೆಂಗಳೂರಿನಲ್ಲಿ ಕೂತು ಈ ಕೆಲಸ ಮಾಡುವ ತಜ್ಞರ ಬಳಿ ಪರವಾನಗಿಗಳ ಕಂತೆಯೇ ಇರುತ್ತದೆ. ಸಾಲದ್ದಕ್ಕೆ, ವೃದ್ಧರಿಗಾಗಿ ಅಮೆರಿಕ ಸರ್ಕಾರ ನಡೆಸುವ ಮೆಡಿಕೇರ್ ವಿಮೆ ತನ್ನ ನೆಲದ ಹೊರಗೆ ಆದ ಸೇವೆಗೆ ದುಡ್ಡು ಕೊಡುವುದಿಲ್ಲ. ಆದ್ದರಿಂದ ಅಲ್ಲಿನ ರಾತ್ರಿಯಲ್ಲಿ ಇಲ್ಲಿಂದ ಹೋಗುವುದು ತಾತ್ಕಾಲಿಕ ವರದಿ. ಬೆಳಿಗ್ಗೆ ಅಲ್ಲಿನ ವೈದ್ಯ ಮತ್ತೆ ನೋಡಿ ಅಂತಿಮ ಸಹಿ ಹಾಕುತ್ತಾನೆ. ತಪ್ಪಾದರೆ ಯಾರನ್ನು ಕೇಳಬೇಕು ಎಂಬುದು ಮೊದಲೇ ಬರೆದಿಟ್ಟಿದೆ.

ಅತ್ತ ಹೋಗುವ ದಾರಿಯ ಕಥೆ ಇದು. ಇತ್ತ ಬರುವ ದಾರಿಯಲ್ಲಿ, ಅಂದರೆ ಚಿಂತಾಮಣಿಯ ಮಂಚದ ಮೇಲೆ ಮಲಗಿದವರ ಹತ್ತಿರಕ್ಕೆ, ಏನಿದೆ?

ನೆಂಟಸ್ತಿಕೆ ಇದೆ. ದೊಡ್ಡಮ್ಮನ ಮಗ ಇಂಗ್ಲೆಂಡಿನಲ್ಲಿ ಮೂಳೆ ಡಾಕ್ಟರು. ವಯಸ್ಸಿನಲ್ಲಿ ನನಗಿಂತ ದೊಡ್ಡವನು, ಆದ್ದರಿಂದ ನನಗೆ ಅಣ್ಣ. ಅವನ ವಾಟ್ಸ್‌ಆ್ಯಪಿಗೆ ಬರುವ ಬೆಳಗಿನ ಸಂದೇಶಗಳನ್ನು ಒಮ್ಮೆ ತೋರಿಸಿದ್ದ. ಸೋದರಮಾವನ ಇಸಿಜಿ, ವಾಲಿದ ಕೈಯಲ್ಲಿ ತೆಗೆದ ಫೋಟೊ. ಪಕ್ಕದ ಮನೆಯ ಮಗುವಿನ ಮೈಮೇಲಿನ ಗುಳ್ಳೆ. ಯಾರದೋ ರಕ್ತ ಪರೀಕ್ಷೆಯ ವರದಿ, ಮೇಲಿನ ಸಾಲು ಕತ್ತರಿಸಿ ಹೋಗಿರುವುದರಿಂದ ಯಾರದೆಂದು ತಿಳಿಯದು. “ನಾನು ಮಂಡಿ ಚಿಪ್ಪು ಬದಲಾಯಿಸೋನು ಕಣೋ, ನಮ್ಮೂರಲ್ಲಿ ನಾನು ಎಲ್ಲಾದಕ್ಕೂ ಡಾಕ್ಟ್ರು,” ಅಂತ ನಕ್ಕಿದ್ದ. ಹೊರದೇಶದಲ್ಲಿ ವೈದ್ಯರೋ ನರ್ಸೋ ಇರುವ ಪ್ರತಿ ಕನ್ನಡ ಮನೆಯಲ್ಲೂ ಇಂಥ ಒಂದು ಹೊರರೋಗಿ ವಿಭಾಗ ನಡೆಯುತ್ತಿದೆ. ಗಡಿ ದಾಟುವ ಡಿಜಿಟಲ್ ವೈದ್ಯ ನಮ್ಮಲ್ಲಿ ಅತಿ ಹೆಚ್ಚು ನಡೆಯುವುದು ಅಲ್ಲೇ, ಯಾವ ಸರ್ಕಾರದ ಲೆಕ್ಕಕ್ಕೂ ಸಿಗದೆ.

ಆದರೆ ಅವನು ತಾಯಿಗೆ ಒಂದು ಮಾತ್ರೆ ಬರೆದುಕೊಡಲಾರ. ಹೋಗುವಾಗ ಇದ್ದ ಇಲ್ಲಿನ ವೈದ್ಯಕೀಯ ಪರಿಷತ್ತಿನ ನೋಂದಣಿಯನ್ನು ನವೀಕರಿಸದೆ ಬಿಟ್ಟಿದ್ದಾನೆ. ನೋಂದಣಿಯಿಲ್ಲದವರು ಇಲ್ಲಿ ವೈದ್ಯವೃತ್ತಿ ಮಾಡಿದರೆ 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯಲ್ಲಿ ಒಂದು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ವಿದೇಶಿ ವೈದ್ಯರಿಗೆ ತಾತ್ಕಾಲಿಕ ನೋಂದಣಿ ಕೊಡುವ ದಾರಿಯೂ ಅದೇ ಕಾಯ್ದೆಯಲ್ಲಿದೆ, ಆದರೆ ತಾಯಿಯ ಕೆಮ್ಮಿಗೆಂದು ಯಾರೂ ಆ ಅರ್ಜಿ ಹಾಕುವುದಿಲ್ಲ. ಇನ್ನು ಬ್ರಿಟನ್ನಿನ ವೈದ್ಯಕೀಯ ಪರಿಷತ್ತು ತನ್ನ ವೈದ್ಯರಿಗೆ ಹೇಳುವುದು, ನಿಮ್ಮ ಹತ್ತಿರದವರಿಗೆ ನೀವೇ ಚಿಕಿತ್ಸೆ ಕೊಡುವುದನ್ನು ಆದಷ್ಟೂ ತಪ್ಪಿಸಿ ಎಂದು. ಪ್ರೀತಿ ಇದ್ದ ಕಡೆ ಕಣ್ಣು ಮಂಜಾಗುತ್ತದೆ ಎಂಬುದು ಅವರಿಗೆ ಗೊತ್ತು. ಅದಕ್ಕೇ ಅಣ್ಣ ಆ ಆ್ಯಪ್ ಹಾಕಿಕೊಟ್ಟದ್ದು. ಕಾನೂನಿಗೆ ತಲೆಬಾಗಿ ಮಾಡಿದ ಕೆಲಸ ಅದು. ಕೆಟ್ಟದ್ದು ಭಾಷೆಯಲ್ಲಿ.

ನಮ್ಮ ದೇಶದೊಳಗೆ ದೂರವೈದ್ಯಕ್ಕೆ ಬರಹದ ನಿಯಮ ಬಂದದ್ದು 2020ರ ಮಾರ್ಚ್ 25ರಂದು, ಲಾಕ್‌ಡೌನಿನ ಮೊದಲ ದಿನ. ಆ ಹೊತ್ತಿಗೆ ಗೌರಿಬಿದನೂರಿನಲ್ಲಿ ಕೋವಿಡ್ ಕಾಣಿಸಿಕೊಂಡಿತ್ತು, ರಾಜ್ಯದಲ್ಲಿ ಅದಕ್ಕೆ ಮೊದಮೊದಲು ಸಿಕ್ಕ ಊರುಗಳಲ್ಲಿ ಅದೂ ಒಂದು. ರೋಗಿ ಆಸ್ಪತ್ರೆಗೆ ಬರುವುದೇ ಅಪಾಯ ಎಂಬ ದಿನಗಳು. ಏಪ್ರಿಲ್‌ನಲ್ಲಿ ರಾಜ್ಯದ ಆಪ್ತಮಿತ್ರ ಸಹಾಯವಾಣಿ 14410 ಬಂತು. ಮರುವರ್ಷ ಎರಡನೇ ಅಲೆಯಲ್ಲಿ ಹಾಸಿಗೆಯೇ ಸಿಗದಾಗ, ಅಮೆರಿಕ, ಇಂಗ್ಲೆಂಡಿನಲ್ಲಿದ್ದ ಭಾರತೀಯ ಮೂಲದ ವೈದ್ಯರು ತಮ್ಮ ರಾತ್ರಿ ನಿದ್ದೆ ಬಿಟ್ಟು ಇಲ್ಲಿ ಮನೆಯಲ್ಲೇ ಇದ್ದ ರೋಗಿಗಳಿಗೆ ಫೋನಿನಲ್ಲಿ ಧೈರ್ಯ ಹೇಳಿದರು. ಆ ದಿನಗಳಲ್ಲಿ ಪರವಾನಗಿ ಎಲ್ಲಿಯದು ಅಂತ ಯಾರೂ ಕೇಳಲಿಲ್ಲ.

ಆ ಮಾರ್ಗಸೂಚಿಯನ್ನು ಒಮ್ಮೆ ಓದಿ ನೋಡಬೇಕು. ಸರ್ಕಾರಿ ಕಾಗದಕ್ಕೆ ಅಪರೂಪವಾದ ಸ್ಪಷ್ಟತೆ ಅದರಲ್ಲಿದೆ. ಭಾರತದಲ್ಲಿ ನೋಂದಾಯಿತ ವೈದ್ಯ ದೇಶದ ಯಾವ ಮೂಲೆಯ ರೋಗಿಗೂ ದೂರದಿಂದ ಸಲಹೆ ಕೊಡಬಹುದು. ಹಾಗಾಗಿ ಮಂಗಳೂರಿನವರು ಚಿಂತಾಮಣಿಗೆ, ಆಂಧ್ರದ ಹಿಂದೂಪುರದವರು ಗೌರಿಬಿದನೂರಿಗೆ ಹೇಳಬಹುದು. ವೈದ್ಯ ತನ್ನ ಹೆಸರು, ಓದು ಹೇಳಬೇಕು, ಚೀಟಿಯಲ್ಲಿ ನೋಂದಣಿ ಸಂಖ್ಯೆ ಇರಬೇಕು. ನಿದ್ದೆ ಗುಳಿಗೆ, ಅಮಲು ತರುವ ಔಷಧಿಗಳ ಒಂದು ಪಟ್ಟಿಯನ್ನು ದೂರದಿಂದ ಬರೆಯುವಂತೆಯೇ ಇಲ್ಲ. ಯಂತ್ರಬುದ್ಧಿಯ ತಂತ್ರಾಂಶ ವೈದ್ಯನಿಗೆ ನೆರವಾಗಬಹುದು, ತಾನೇ ರೋಗಿಗೆ ಸಲಹೆ ಹೇಳುವಂತಿಲ್ಲ, ಔಷಧಿ ಬರೆಯುವಂತಿಲ್ಲ. ಎದೆನೋವು, ಪಾರ್ಶ್ವವಾಯು ಮುಂತಾದ ತುರ್ತಿನಲ್ಲಿ ಪರದೆಯ ವೈದ್ಯ ಮಾಡಬೇಕಾದ್ದು ಪ್ರಥಮ ಚಿಕಿತ್ಸೆ ಹೇಳಿ, ಹತ್ತಿರದ ಆಸ್ಪತ್ರೆಗೆ ಓಡಿ ಎನ್ನುವುದು. ಇನ್ನೊಂದು ಸಾಲು ನನಗೆ ಬಹಳ ಮುಖ್ಯ: ಒಬ್ಬ ವೈದ್ಯ ಇನ್ನೊಬ್ಬ ತಜ್ಞನ ಸಲಹೆ ಕೇಳಿದರೂ, ರೋಗಿಯನ್ನು ನೋಡಿಕೊಳ್ಳುತ್ತಿರುವ ವೈದ್ಯನೇ ಚಿಕಿತ್ಸೆಗೆ ಹೊಣೆ.

ದೇಶದ ಗಡಿ ಬಂದಾಗ ಮಾತ್ರ ಕಾಗದ ಕೈಚೆಲ್ಲುತ್ತದೆ. ಭಾರತದ ವ್ಯಾಪ್ತಿಯಾಚೆಗಿನ ಸಮಾಲೋಚನೆ ತನ್ನ ವಿಷಯವಲ್ಲ ಎಂದು ಅದು ಹೇಳಿಕೊಂಡಿದೆ. ಬೆಂಗಳೂರಿನ ವೈದ್ಯ ಅಮೆರಿಕದ ರೋಗಿಗೆ ಉತ್ತರದಾಯಿ ಆಗಿರಲು ಅಮೆರಿಕದ ಕಾನೂನು ಕಾದು ಕೂತಿದೆ. ಇಂಗ್ಲೆಂಡಿನ ವೈದ್ಯ ಚಿಂತಾಮಣಿಯ ರೋಗಿಗೆ ಉತ್ತರದಾಯಿ ಆಗಲು ನಮ್ಮ ಕಡೆ ಯಾರೂ ಕಾದಿಲ್ಲ. ದುಡ್ಡು ಇರುವ ಕಡೆಗೆ ರಸ್ತೆಯಲ್ಲಿ ಮೈಲಿಗಲ್ಲು ನೆಡುತ್ತಾರೆ, ಇಲ್ಲದ ಕಡೆ ಕಾಲುದಾರಿಯಲ್ಲೇ ಜನ ಓಡಾಡುತ್ತಿರುತ್ತಾರೆ.

ಹಾಗೆಂದು ಸರ್ಕಾರದ ದೂರವೈದ್ಯ ಸೋತಿದೆ ಎನ್ನುವುದು ಸುಳ್ಳಾಗುತ್ತದೆ. 2019ರ ನವೆಂಬರಿನಲ್ಲಿ ಶುರುವಾದ ಇ-ಸಂಜೀವಿನಿ 2023ರ ಫೆಬ್ರುವರಿಗೆ 10 ಕೋಟಿ ಸಮಾಲೋಚನೆ ದಾಟಿತ್ತು. ಅದರ ದೊಡ್ಡ ಪಾಲು ನಡೆಯುವುದು ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ, ಅಂದರೆ ನಮ್ಮ ಹಳ್ಳಿಯ ಉಪಕೇಂದ್ರಗಳಲ್ಲಿ. ಅಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಇರುತ್ತಾರೆ. ಜನ ಸಿಎಚ್‌ಒ ಅಂತಲೋ, ಸುಮ್ಮನೆ ಸಿಸ್ಟರ್ ಅಂತಲೋ ಕರೆಯುತ್ತಾರೆ. ಬಿಪಿ ನೋಡಿ, ಬೆರಳು ಚುಚ್ಚಿ ಸಕ್ಕರೆ ನೋಡಿ, ಆಮೇಲೆ ಪರದೆಯಲ್ಲಿ ದೊಡ್ಡ ಡಾಕ್ಟರನ್ನು ಕರೆದು, ರೋಗಿಯ ಮಾತನ್ನು ಅವರಿಗೆ ಅರ್ಥವಾಗುವ ಮಾತಾಗಿಸಿ ಹೇಳುವವರು ಅವರೇ. ಕರೆಗಳ ಕೋಟಿ ಲೆಕ್ಕ ಪತ್ರಿಕೆಗೆ ಬರುತ್ತದೆ. ಈ ಮಾತು ತಿರುಗಿಸುವ ಕೆಲಸ ಲೆಕ್ಕಕ್ಕೆ ಬರುವುದಿಲ್ಲ.

ಆ ಕೆಲಸ ಎಷ್ಟು ಸೂಕ್ಷ್ಮ ಎಂಬುದಕ್ಕೆ ಆಯಾಸ ಒಂದೇ ಸಾಕ್ಷಿಯಲ್ಲ. ನಮ್ಮ ಕಡೆ ಎದೆಯ ಯಾವ ನೋವಿಗೂ ಹೆಸರು ‘ಗ್ಯಾಸ್ಟ್ರಿಕ್’. ಹೃದಯಾಘಾತವಾಗುತ್ತಿರುವಾಗಲೂ ಜನ ಸೋಡಾ ಕುಡಿದು ಕೂತಿರುತ್ತಾರೆ. ದಮ್ಮು ಅಂದರೆ ಉಬ್ಬಸ, ಸುಸ್ತು ಅಂದರೆ ಜ್ವರದಿಂದ ಹಿಡಿದು ದುಃಖದವರೆಗೆ ಏನು ಬೇಕಾದರೂ. ಶಿಡ್ಲಘಟ್ಟದ ರೇಷ್ಮೆ ಕೆಲಸದ ಓಣಿಗಳಲ್ಲಿ ಇದೆಲ್ಲ ಉರ್ದುವಿನಲ್ಲಿ ನಡೆಯುತ್ತದೆ. ಕೈವಾರದ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದ ನೆಲ ಇದು, ಹಾಡಿಗೆ ಅದು ಸೊಗಸು. ರೋಗದ ಇತಿಹಾಸ ಕೇಳುವ ಹೊರಗಿನ ವೈದ್ಯನಿಗೆ ಮಾತ್ರ ಪರೀಕ್ಷೆ.

ಮಾತು ದಾಟಿದರೂ ನೆಲ ದಾಟುವುದಿಲ್ಲ. ಬಾಗೇಪಲ್ಲಿ, ಗುಡಿಬಂಡೆ, ಶಿಡ್ಲಘಟ್ಟ, ಚಿಂತಾಮಣಿ ಕಡೆ ನೀರು ಹುಡುಕಿ ಸಾವಿರ ಅಡಿಗೂ ಕೆಳಗೆ ಕೊಳವೆಬಾವಿ ಇಳಿದಿವೆ. ಅಷ್ಟು ಆಳದ ಬಂಡೆಯ ನೀರಿನಲ್ಲಿ ಫ್ಲೋರೈಡ್ ಇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತದ ಮಾನದಂಡ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಹಲ್ಲಿನಲ್ಲಿ ಕಂದು ಪಟ್ಟೆ, ಬೆನ್ನು ಬಿಗಿತ, ಮಂಡಿ ನೋವು. ನಲವತ್ತು ವರ್ಷದ ಹೆಂಗಸು ಪರದೆಯಲ್ಲಿ ಕಾಣಿಸಿಕೊಂಡು ಕೀಲು ನೋವು ಅಂದರೆ ದೂರದ ವೈದ್ಯನಿಗೆ ಸಂಧಿವಾತ ನೆನಪಾಗುತ್ತದೆ. ನಮ್ಮೂರ ಸಿಸ್ಟರಿಗೆ ಆ ಬೀದಿಯ ಬೋರ್‌ವೆಲ್ ನೆನಪಾಗುತ್ತದೆ.

ಶಿಡ್ಲಘಟ್ಟದ್ದು ಇನ್ನೊಂದು ಬಗೆ. ಗೂಡು ಬೇಯಿಸುವ ಮನೆಯೊಳಗೆ ಕಾಲಿಟ್ಟವರಿಗೆ ಆ ಹಬೆ, ಆ ವಾಸನೆ ಮರೆಯುವುದಿಲ್ಲ. ಬಿಸಿನೀರಿನ ಬೇಸಿನ್ನಿನಲ್ಲಿ ಗೂಡಿನ ಎಳೆ ಹುಡುಕುವ ಬೆರಳುಗಳು ದಿನವಿಡೀ ನೆನೆದು, ಬಿಳಿಚಿ, ಬಿರುಕು ಬಿಟ್ಟಿರುತ್ತವೆ. ರೇಷ್ಮೆ ನೂಲು ತೆಗೆಯುವವರಲ್ಲಿ ಕೆಲಸದಿಂದಲೇ ಬರುವ ಉಬ್ಬಸ ಇದೆ ಎಂಬುದನ್ನು ಬೆಂಗಳೂರಿನ ಸಂಶೋಧಕರು 1980ರ ದಶಕದಲ್ಲೇ ಬರೆದಿದ್ದಾರೆ. ರೇಷ್ಮೆಯ ಅಂಟು, ಸತ್ತ ಹುಳುವಿನ ಪುಡಿ ಗಾಳಿಯಲ್ಲಿ ಸೇರಿ ಅಲರ್ಜಿ ಹುಟ್ಟಿಸುತ್ತವೆ. ಸಿಂಗಪುರದ ಶ್ವಾಸಕೋಶ ತಜ್ಞ ಎಷ್ಟೇ ಬುದ್ಧಿವಂತನಾಗಿರಲಿ, “ನೀವು ರೀಲಿಂಗ್ ಮಾಡ್ತೀರಾ?” ಎಂಬ ಪ್ರಶ್ನೆ ಅವನಿಗೆ ಹೊಳೆಯುವುದು ಕಷ್ಟ. ಆ ಪ್ರಶ್ನೆ ಕೇಳದೆ ಕೊಟ್ಟ ಇನ್‌ಹೇಲರ್ ಅರ್ಧ ಚಿಕಿತ್ಸೆ.

ದೂರವೈದ್ಯ ಚೆನ್ನಾಗಿ ನಡೆದ ಕಡೆಗಳನ್ನು ನೋಡಿದರೆ ಅಲ್ಲೆಲ್ಲ ಈ ತುದಿಯಲ್ಲಿ ಒಬ್ಬ ಗಟ್ಟಿ ಮನುಷ್ಯ ನಿಂತಿರುವುದು ಕಾಣುತ್ತದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆ ಅಂಥದ್ದು. ದಿನ ತುಂಬದೆ ಹುಟ್ಟಿದ ಕೂಸುಗಳ ಕಣ್ಣಿನ ಪರದೆಯಲ್ಲಿ ರಕ್ತನಾಳ ಅಡ್ಡಾದಿಡ್ಡಿ ಬೆಳೆದು ಕುರುಡು ಬರಬಹುದು. 34 ವಾರಕ್ಕೆ ಮೊದಲು ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ತೂಕದ ಮಗುವಿನ ಕಣ್ಣನ್ನು ಹುಟ್ಟಿದ 30 ದಿನದೊಳಗೆ ನೋಡಲೇಬೇಕು. ಈ ಕಣ್ಣು ನೋಡಬಲ್ಲ ತಜ್ಞರು ಬೆರಳೆಣಿಕೆ. ಹಾಗಾಗಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆ, ತಾಲ್ಲೂಕುಗಳ ನವಜಾತ ಶಿಶು ಘಟಕಗಳಿಗೆ ಹೋಗಿ, ಅಂಗೈಯಷ್ಟು ಮಗುವಿನ ಕಣ್ಣಿನ ಚಿತ್ರ ತೆಗೆದು ಕಳಿಸುತ್ತಾರೆ. ತಜ್ಞ ತನ್ನ ಫೋನಿನಲ್ಲೇ ನೋಡಿ ಹೇಳುತ್ತಾನೆ. ಚಿತ್ರ ದೂರ ಹೋಗುತ್ತದೆ ನಿಜ. ಆದರೆ ಆ ಕಣ್ಣರೆಪ್ಪೆ ಬಿಡಿಸುವ ಬೆರಳು ಊರಿಗೇ ಬರಬೇಕು.

ಹೃದಯಾಘಾತದ ವಿಷಯದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ 2023ರ ಕೊನೆಯಲ್ಲಿ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ನಿಮಿಷಗಳಲ್ಲಿ ಪರಿಶೀಲನೆಯಾಗಿ, ಜಯದೇವ ಹೃದ್ರೋಗ ಆಸ್ಪತ್ರೆಯಂಥ ಕೇಂದ್ರದ ತಜ್ಞರು ಹೌದೆಂದರೆ, ರಕ್ತದ ಗರಣೆ ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಪುಕ್ಕಟೆ ಕೊಡುತ್ತಾರೆ. ಹೊರಗೆ ಕೊಂಡರೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಇಲ್ಲೂ ಅಷ್ಟೇ, ಸೋಡಾ ಕುಡಿಯುತ್ತ ಕೂತವನನ್ನು ಎಬ್ಬಿಸಿ ಇಸಿಜಿ ಟೇಬಲ್ಲಿಗೆ ಮಲಗಿಸುವವರು ಬೇಕು. ನಿಮ್ಹಾನ್ಸ್‌ನವರು 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಯೋಜನೆಯನ್ನು ಪ್ರಯೋಗಕ್ಕೆ ಇಳಿಸಿದಾಗ ಆರಿಸಿಕೊಂಡ ಜಿಲ್ಲೆಗಳಲ್ಲಿ ಚಿಕ್ಕಬಳ್ಳಾಪುರವೂ ಒಂದು. ತಲೆನೋವು, ಮೂರ್ಛೆ, ಪಾರ್ಶ್ವವಾಯು, ಮರೆವಿನ ಕಾಯಿಲೆಗಳನ್ನು ಜಿಲ್ಲಾ ಆಸ್ಪತ್ರೆಯ ವೈದ್ಯರೇ ನೋಡುವಂತೆ ತರಬೇತಿ ಕೊಟ್ಟು, ಬೆಂಗಳೂರಿನ ನರರೋಗ ತಜ್ಞರು ಬೆನ್ನಿಗೆ ನಿಲ್ಲುವುದು ಅದರ ಬಗೆ. ಮೂರರಲ್ಲಿ ನನಗೆ ಇದೇ ಹೆಚ್ಚು ಮೆಚ್ಚುಗೆ. ದೂರದ ತಜ್ಞ ಇಲ್ಲಿ ರೋಗಿಯನ್ನು ಕಿತ್ತುಕೊಳ್ಳುವುದಿಲ್ಲ, ಇಲ್ಲಿನ ವೈದ್ಯನ ಕೈಯನ್ನು ಬಲಪಡಿಸುತ್ತಾನೆ.

ಜಗತ್ತೇ ಬೆರಗಾದ ಪ್ರಸಂಗದಲ್ಲೂ ಹೀಗೇ ಇತ್ತು. 2001ರ ಸೆಪ್ಟೆಂಬರ್ 7ರಂದು ನ್ಯೂಯಾರ್ಕಿನಲ್ಲಿ ಕೂತ ಫ್ರೆಂಚ್ ಶಸ್ತ್ರವೈದ್ಯ ಜಾಕ್ ಮಾರೆಸ್ಕೊ, ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಮಲಗಿದ್ದ 68 ವರ್ಷದ ಹೆಂಗಸಿನ ಪಿತ್ತಕೋಶವನ್ನು ರೋಬಾಟ್ ತೋಳುಗಳಿಂದ ತೆಗೆದರು. ಅಟ್ಲಾಂಟಿಕ್ ಸಾಗರ ನಡುವೆ. ಪತ್ರಿಕೆಗಳಲ್ಲಿ ಅವರ ಚಿತ್ರ ಬಂತು. ಸ್ಟ್ರಾಸ್‌ಬರ್ಗಿನ ಟೇಬಲ್ಲಿನ ಪಕ್ಕ, ಏನಾದರೂ ಕೆಟ್ಟರೆ ಕೈಹಾಕಲು ಸಿದ್ಧರಾಗಿ ನಿಂತಿದ್ದ ವೈದ್ಯರ ಹೆಸರು ಎಷ್ಟು ಜನಕ್ಕೆ ಗೊತ್ತು?

ರಾಜ್ಯದ ಗಡಿಯ ಬಗ್ಗೆ ಎರಡು ಮಾತು. ಗೌರಿಬಿದನೂರಿನವರಿಗೆ ಹಿಂದೂಪುರ ರೈಲಿನಲ್ಲಿ ಪಕ್ಕದ ಊರು, ಬಾಗೇಪಲ್ಲಿಯವರಿಗೆ ಪುಟ್ಟಪರ್ತಿಯ ದೊಡ್ಡ ಆಸ್ಪತ್ರೆ ಹತ್ತಿರ, ಚಿಂತಾಮಣಿಯವರು ಟೊಮೆಟೊ ಮದನಪಲ್ಲಿಗೂ ಒಯ್ಯುತ್ತಾರೆ, ಕಾಯಿಲೆಯನ್ನೂ ಒಯ್ಯುತ್ತಾರೆ. ದೇಶದ ದೂರವೈದ್ಯದ ಮೊದಲ ಹಳ್ಳಿ ಪ್ರಯೋಗಗಳಲ್ಲೊಂದು 2000ದಲ್ಲಿ ನಡೆದದ್ದು ಇದೇ ದಿಕ್ಕಿನಲ್ಲಿ, ಚಿತ್ತೂರು ಜಿಲ್ಲೆಯ ಅರಗೊಂಡದಲ್ಲಿ. ಅಪೊಲೊ ಆಸ್ಪತ್ರೆಯ ಸ್ಥಾಪಕ ಪ್ರತಾಪ್ ಸಿ. ರೆಡ್ಡಿ ಅವರ ಹುಟ್ಟೂರು ಅದು. ಮರುವರ್ಷ ಇಸ್ರೊ ಉಪಗ್ರಹದ ಮೂಲಕ ಕರ್ನಾಟಕದಲ್ಲಿ ಚಾಮರಾಜನಗರದ ಜಿಲ್ಲಾಸ್ಪತ್ರೆಯನ್ನು ನಾರಾಯಣ ಹೃದಯಾಲಯಕ್ಕೆ ಜೋಡಿಸುವ ಕೆಲಸ ಹಿಡಿಯಿತು. ಕಾಲು ಶತಮಾನ ಕಳೆಯಿತು. ಆದರೆ ಇ-ಸಂಜೀವಿನಿಯಲ್ಲಿ ಈಗಲೂ ಮೊದಲು ರಾಜ್ಯ ಆರಿಸಿಕೊಳ್ಳಬೇಕು. ತೆಲುಗು ಮಾತ್ರ ಬಲ್ಲ ಬಾಗೇಪಲ್ಲಿಯ ಅಜ್ಜಿಗೆ ಇಪ್ಪತ್ತು ಮೈಲಿ ಆಚೆಯ ತೆಲುಗು ಡಾಕ್ಟರಿಗಿಂತ ಇನ್ನೂರು ಮೈಲಿ ಆಚೆಯ ಕನ್ನಡ ಡಾಕ್ಟರು ಸುಲಭವಾಗಿ ಸಿಗುತ್ತಾರೆ. ಕಾನೂನು ತಡೆದಿಲ್ಲ, ವ್ಯವಸ್ಥೆ ಯೋಚಿಸಿಲ್ಲ. ಕರೆ ತಗೊಳ್ಳುವಾಗ ರಾಜ್ಯದ ಬದಲು ಭಾಷೆ ಕೇಳಿದರೆ ಸಾಕು ಎನ್ನುವಷ್ಟು ಸಣ್ಣ ತಿದ್ದುಪಡಿ ಇದು.

ದೊಡ್ಡಮ್ಮನ ಮನೆಯಲ್ಲಿ ಈಗ ಏರ್ಪಾಡು ಬದಲಾಗಿದೆ. ಅಣ್ಣ ತಾಯಿಗೆ ಈಗಲೂ ಔಷಧಿ ಹೇಳುವುದಿಲ್ಲ. ತಿಂಗಳಿಗೊಮ್ಮೆ ಅಲ್ಲಿಂದ ನೇರ ತಾಲ್ಲೂಕಿನ ಡಾಕ್ಟರಿಗೇ ಫೋನ್ ಮಾಡುತ್ತಾನೆ. ಇಬ್ಬರೂ ತಮ್ಮ ಭಾಷೆಯಲ್ಲಿ ಐದು ನಿಮಿಷ ಮಾತಾಡುತ್ತಾರೆ. ಚೀಟಿ ಬರೆಯುವುದು ಇಲ್ಲಿನವರು, ಹೊಣೆ ಇಲ್ಲಿನವರದು. ಪಾದ ಒತ್ತಿ ನೋಡುವ ಕೆಲಸ ಸಿಸ್ಟರದ್ದು. ದಿನವೂ ತೂಕ ನೋಡಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆಯುವುದು ದೊಡ್ಡಮ್ಮನದ್ದು. ಎರಡು ದಿನದಲ್ಲಿ ಎರಡು ಕೆಜಿ ಏರಿದರೆ ಮೈಯಲ್ಲಿ ನೀರು ನಿಂತಿದೆ ಅಂತ ಲೆಕ್ಕ, ಇದನ್ನು ಅವರು ಚೆನ್ನಾಗಿ ಕಲಿತಿದ್ದಾರೆ.

ಹೊರಗೆ ಮಕ್ಕಳಿರುವ ಮನೆಯವರಿಗೆ ನನ್ನದೊಂದು ಕೋರಿಕೆ. ಪರದೆಯಲ್ಲಿ ಯಾವ ಡಾಕ್ಟರು ಬಂದರೂ ಹೆಸರು, ನೋಂದಣಿ ಸಂಖ್ಯೆ ಕೇಳಿ, ಅದು ನಿಮ್ಮ ಹಕ್ಕು. ಎದೆನೋವಿಗೆ ಆ್ಯಪ್ ತೆರೆಯಬೇಡಿ, 108ಕ್ಕೆ ಫೋನ್ ಮಾಡಿ. ಮನಸ್ಸಿಗೆ ತಳಮಳವಾದರೆ ಟೆಲಿ-ಮಾನಸ್ 14416 ಇದೆ, ಅಲ್ಲಿ ಕನ್ನಡದಲ್ಲಿ ಮಾತಾಡಬಹುದು. ಮತ್ತೆ ಈ ವಾರವೇ ನಿಮ್ಮೂರ ಆರೋಗ್ಯ ಮಂದಿರಕ್ಕೆ ಹೋಗಿ ಅಲ್ಲಿನ ಸಿಸ್ಟರ ಹೆಸರು, ಫೋನ್ ನಂಬರು ಕೇಳಿ ಬರೆದುಕೊಳ್ಳಿ. ಅವರು ಒಪ್ಪಿದರೆ ಅದನ್ನು ನ್ಯೂಜೆರ್ಸಿಗೋ ಮ್ಯಾಂಚೆಸ್ಟರಿಗೋ, ನಿಮ್ಮ ಮಕ್ಕಳು ಇರುವಲ್ಲಿಗೆ ಕಳಿಸಿ.